ಬೈಸಿಕಲ್ಲಿನ ದೂರಪ್ರಯಾಣಕ್ಕೆ ತಕ್ಕ ಅಭ್ಯಾಸ

ಬೈಸಿಕಲ್ಲು ನಮ್ಮ ಊರುಗಳಿಗೆ ಹೊಸ ವಾಹನವಲ್ಲ. ನಮ್ಮಲ್ಲಿ ಅನೇಕರು ಹುಡುಗತನದಲ್ಲಿ ಅಂಗಡಿಯವನಿಗೆ ಗಂಟೆಯ ಬಾಡಿಗೆ ತೆತ್ತು, ಸೀಟು ಎಟುಕದೆ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಒಳಪೆಡಲು ತುಳಿಯುತ್ತ ಅದನ್ನು ಕಲಿತವರು. ಮಂಡಿಯ ಗಾಯ ಮಾಯುವುದರೊಳಗೆ ವಿದ್ಯೆಯೂ ಕೈವಶವಾಯಿತು. ಆಮೇಲೆ ಅದರಲ್ಲಿ ಕಲಿಯತಕ್ಕದ್ದು ಏನೂ ಉಳಿದಿಲ್ಲವೆಂದು ತಿಳಿದುಕೊಂಡೆವು. ಹೀಗಿರುವಲ್ಲಿ, ಇದೇ ವಾಹನದ ಮೇಲೆ ಒಂದೇ ದಿನದಲ್ಲಿ 200 ಕಿಲೋಮೀಟರ್, ಎರಡು ದಿನಗಳೊಳಗೆ 600 ಕಿಲೋಮೀಟರ್ ದೂರವನ್ನು ಸಾಮಾನ್ಯ ಸಂಸಾರಿಗಳು ಕ್ರಮಿಸುತ್ತಿದ್ದಾರೆಂದು ಹೇಳಿದರೆ ಕೇಳಿದವರು ಮೊದಲು ನಂಬುವುದಿಲ್ಲ. ನಂಬಿದ ಮೇಲೆ, ‘ಅದು ಜಟ್ಟಿಗಳ ಕೆಲಸ, ನಮ್ಮಂಥವರದಲ್ಲ’ ಎಂದು ಪಕ್ಕಕ್ಕೆ ಸರಿಸುತ್ತಾರೆ. ಆ ಮಾತು ಸರಿಯಲ್ಲವೆಂದು ತೋರಿಸುವುದೇ ನಮ್ಮ ಈ ದಿನದ ಉದ್ದೇಶ. ದೂರಪ್ರಯಾಣಕ್ಕೆ ಬೇಕಾದ ಬಲ ಅಸಾಧಾರಣವಾದುದಲ್ಲ. ಬೇಕಾದ ಸಂಯಮ ಮಾತ್ರ ಅಸಾಧಾರಣವಾದುದು. ಅದೃಷ್ಟವಶಾತ್ ಸಂಯಮವೂ ಅಭ್ಯಾಸದಿಂದ ಬರತಕ್ಕದ್ದೇ.

ಈ ಬಗೆಯ ಪ್ರಯಾಣದ ಮೂಲವನ್ನು ಹುಡುಕುವವರು ಫ್ರಾನ್ಸ್ ದೇಶಕ್ಕೆ ಹೋಗಬೇಕು. 1891ನೆಯ ಇಸವಿ ಸೆಪ್ಟೆಂಬರಿನಲ್ಲಿ ‘ಲ ಪೆತಿ ಜೂರ್ನಾಲ್’ ಎಂಬ ದಿನಪತ್ರಿಕೆಯ ಪಿಯೆರ್ ಜಿಫಾರ್ ಎಂಬ ಪತ್ರಿಕಾಕರ್ತನು ಒಂದು ಪಂದ್ಯವನ್ನು ಏರ್ಪಡಿಸಿದನು. ಪ್ಯಾರಿಸಿನಿಂದ ಹೊರಟು, ಅಟ್ಲಾಂಟಿಕ್ ಸಾಗರದ ದಡದಲ್ಲಿರುವ ಬ್ರೆಸ್ಟ್ ಎಂಬ ಪಟ್ಟಣವನ್ನು ಮುಟ್ಟಿ, ಮತ್ತೆ ಪ್ಯಾರಿಸಿಗೆ ಬರಬೇಕು. ಒಟ್ಟು ದೂರ ಸುಮಾರು 1,200 ಕಿಲೋಮೀಟರ್. ಮನುಷ್ಯಮಾತ್ರದವನಿಂದ ಇದು ಆಗದೆಂದು ಅಂದು ಹಲವರು ಎಣಿಸಿದ್ದರು. ಹೊರಟವರು ಸುಮಾರು 200 ಮಂದಿ. ಅವರಲ್ಲಿ ಅರ್ಧದಷ್ಟು ಮಂದಿ ಹಿಂತಿರುಗಿ ಬಂದರು. ಗೆದ್ದವನು ಶಾರ್ಲ್ ತೆರೋಂ. ಅವನು ತೆಗೆದುಕೊಂಡ ಕಾಲ 71 ಗಂಟೆ 22 ನಿಮಿಷ. ಮುಂದಿದ್ದ ಪ್ರತಿಸ್ಪರ್ಧಿಯು ದಾರಿಯಲ್ಲಿ ಮಲಗಿ ನಿದ್ರಿಸುತ್ತಿದ್ದಾಗ ತೆರೋಂ ನಿದ್ದೆಗೆಟ್ಟು ಅವನನ್ನು ದಾಟಿಹೋದನೆಂಬುದು ಆ ಪಂದ್ಯದ ಪ್ರಸಿದ್ಧ ಕಥೆ. ಈ ಕಥೆಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಇದಕ್ಕೆ ನಾವು ಮತ್ತೊಮ್ಮೆ ಬರುವೆವು.

ಪಂದ್ಯದ ರೂಪದಲ್ಲಿ ಇದು 1951ರಲ್ಲಿ ಕೊನೆಗೊಂಡಿತು. ಆದರೆ ಪಂದ್ಯವಲ್ಲದ ಇನ್ನೊಂದು ರೂಪದಲ್ಲಿ ಅದೇ ದಾರಿ ಇಂದಿಗೂ ಜೀವಂತವಾಗಿದೆ. ಪ್ಯಾರಿಸಿನ ಔಡಾಕ್ಸ್ ಸಂಘದವರು 1931ರಿಂದ ಹವ್ಯಾಸಿಗಳಿಗಾಗಿ ಈ ಪ್ರಯಾಣವನ್ನು ನಡೆಸುತ್ತ ಬಂದಿದ್ದಾರೆ. ಈಗ ಅದು ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. 2019ರಲ್ಲಿಯೂ 2023ರಲ್ಲಿಯೂ ಆರು ಸಾವಿರಕ್ಕೂ ಮಿಕ್ಕಿದ ಸವಾರರು ಹೊರಟರು. ಅವರಲ್ಲಿ ಭಾರತೀಯರೂ ಇದ್ದರು. ಇಲ್ಲಿ ಮೊದಲನೆಯವನು ಎರಡನೆಯವನು ಎಂಬ ಬಹುಮಾನವಿಲ್ಲ. 90 ಗಂಟೆಗಳ ಗಡುವಿನೊಳಗೆ ಬಂದವರೆಲ್ಲರೂ ಸಮಾನರು. ಹೊರಡುವ ಯೋಗ್ಯತೆ ಪಡೆಯಲು ಅದೇ ವರ್ಷ 200, 300, 400, 600 ಕಿಲೋಮೀಟರುಗಳ ನಾಲ್ಕು ಪ್ರಯಾಣಗಳನ್ನು ಮುಗಿಸಿರಬೇಕು. ಈ ಮೆಟ್ಟಿಲುಗಳನ್ನು ಹತ್ತುವ ಪ್ರಯಾಣಗಳು ಈಚಿನ ವರ್ಷಗಳಲ್ಲಿ ಬೆಂಗಳೂರು ಮೊದಲಾದ ನಮ್ಮ ನಗರಗಳಿಂದಲೂ ನಡೆಯುತ್ತಿವೆ. ಬ್ರೆಸ್ಟ್ ಪಟ್ಟಣವನ್ನು ಕಾಣುವ ಭಾಗ್ಯ ಎಲ್ಲರಿಗೂ ಇರದಿರಬಹುದು. ಮೊದಲನೆಯ ಮೆಟ್ಟಿಲಾದ 200 ಕಿಲೋಮೀಟರ್ ಮಾತ್ರ ಆರೋಗ್ಯವಂತರಾದ ಯಾರಿಗೂ ಅಸಾಧ್ಯವಲ್ಲ.

ಗಡುವಿನ ಲೆಕ್ಕವನ್ನು ಸ್ವಲ್ಪ ನೋಡೋಣ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಗಳ ಕಾಲಾವಕಾಶವಿದೆ. ನಿಂತ ವೇಳೆಯನ್ನೂ ಸೇರಿಸಿಕೊಂಡರೆ ಗಂಟೆಗೆ 15 ಕಿಲೋಮೀಟರ್ ಸಾಗಿದರೆ ಸಾಕು. ತುಳಿಯುವ ವೇಳೆಯಲ್ಲಿ ಗಂಟೆಗೆ 20 ಕಿಲೋಮೀಟರ್ ಹೋಗುವವನಿಗೆ ಹತ್ತು ಗಂಟೆ ಹಿಡಿಯುವುದು. ಊಟಕ್ಕೂ ವಿಶ್ರಾಂತಿಗೂ ಮೂರೂವರೆ ಗಂಟೆ ಉಳಿಯುವುದು. 25ರ ವೇಗದಲ್ಲಿ ಹೋದರೆ ಎರಡು ಗಂಟೆ ಮಿಗುವುದು ನಿಜ. ಆದರೆ ಗಾಳಿಯು ಒಡ್ಡುವ ತಡೆ ವೇಗದ ವರ್ಗಕ್ಕೆ ಅನುಸಾರವಾಗಿಯೂ, ಅದನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಸಾರವಾಗಿಯೂ ಏರುತ್ತವೆ. 20ರಿಂದ 25ಕ್ಕೆ ಏರಿದಾಗ ಗಾಳಿಯೊಡನೆ ಹೋರಾಡುವ ದುಡಿಮೆ ಹೆಚ್ಚು ಕಡಮೆ ಎರಡರಷ್ಟಾಗುವುದು. ಗಳಿಸಿದ ಎರಡು ಗಂಟೆಗೆ ತೆತ್ತ ಬೆಲೆ ಎಷ್ಟು ದುಬಾರಿಯೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಲೆಕ್ಕವನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ, ನಲವತ್ತು ದಾಟಿದ ಹೊಸತರಲ್ಲಿ, ಇಬ್ಬರು ತರುಣ ಸಹೋದ್ಯೋಗಿಗಳೊಡನೆ ಮೈಸೂರಿನಿಂದ ಹಾಸನಕ್ಕೆ ಹೋಗಿ ಬರಲು ಹೊರಟೆವು. ಹೋಗಿ ಬರುವ ದೂರ ಸುಮಾರು 240 ಕಿಲೋಮೀಟರ್. ಬೆಳಗಿನ ಜಾವ ಕಾಫಿಯೊಂದನ್ನೇ ಕುಡಿದಿದ್ದೆವು. ತರುಣರ ಮುಂದೆ ಹಿಂದೆ ಬೀಳಬಾರದೆಂಬ ಹಟದಿಂದ ಕೃಷ್ಣರಾಜನಗರದವರೆಗೆ ಅವರಿಗೆ ಸಮನಾಗಿ ತುಳಿದೆವು. ಹೊಳೆನರಸೀಪುರ ಸಮೀಪಿಸುವ ವೇಳೆಗೆ ಕಾಲುಗಳು ಟೊಳ್ಳಾದುವು, ಕಣ್ಣು ಮಂಜಾಯಿತು, ಕಾರಣವಿಲ್ಲದೆ ಕೋಪ ಬರತೊಡಗಿತು. ಹಾಸನದಲ್ಲಿ ಹೊಟ್ಟೆ ಬಿರಿಯೆ ಉಂಡು, ಬಿಸಿಲಿನಲ್ಲಿ ಹಿಂತಿರುಗಿ ಹೊರಟೆವು. ಗೆಳೆಯರು ನಮಗಾಗಿ ನಿಂತು ನಿಂತು ಬೇಸತ್ತರು. ‘ನೀವು ಮುಂದೆ ಹೋಗಿ’ ಎಂದು ನಾವೇ ಅವರನ್ನು ಕಳುಹಿಸಿದೆವು. ಅದು ಎರಡನೆಯ ಹಟ. ರಾತ್ರಿ, ಒಂಟಿಯಾಗಿ, ನೆಟ್ಟನೆಯ ರಸ್ತೆಯಲ್ಲಿ ಹೋಗುತ್ತಿದ್ದಾಗ ಸೀಟಿನ ಮೇಲೆಯೇ ಕಣ್ಣು ಮುಚ್ಚಿತು. ಎಚ್ಚರವಾದದ್ದು ರಸ್ತೆಯ ಎಡಗಡೆಯ ಜಲ್ಲಿಯ ಮೇಲೆ ಬಿದ್ದಾಗ. ಅದೇ ಕ್ಷಣದಲ್ಲಿ ಲಾರಿಯೊಂದು ಕೂಗುತ್ತ ಪಕ್ಕದಲ್ಲಿ ಹಾದುಹೋಯಿತು. ಎಡಕ್ಕೆ ವಾಲಿದ ಚಕ್ರ ಬಲಕ್ಕೆ ವಾಲಿದ್ದರೆ ಈ ಮಾತುಗಳನ್ನು ಹೇಳಲು ನಾವು ಇರುತ್ತಿರಲಿಲ್ಲ. ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದ ಟೆಂಪೊ ಒಂದು ನಮ್ಮನ್ನೂ ಬೈಸಿಕಲ್ಲನ್ನೂ ಊರಿಗೆ ತಂದು ಬಿಟ್ಟಿತು. ಅಂಗೈಯ ಗಾಯ ತೊಳೆಯುತ್ತ ನಮ್ಮ ಮನೆಯವರು, ‘ಅಷ್ಟು ನಿದ್ದೆ ಬಂದಿದ್ದರೆ ಎಲ್ಲಾದರೂ ಒಂದು ಗಳಿಗೆ ಮಲಗಬಾರದಾಗಿತ್ತೆ?’ ಎಂದು ಮಾತ್ರ ಕೇಳಿದರು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ದಿನ ಆದದ್ದೇನೆಂಬುದನ್ನು ಶರೀರಶಾಸ್ತ್ರವು ಚೆನ್ನಾಗಿ ವಿವರಿಸುತ್ತದೆ. ನಮ್ಮ ದೇಹದಲ್ಲಿ ಎರಡು ಬಗೆಯ ಇಂಧನಗಳಿವೆ. ಒಂದು, ಮಾಂಸಖಂಡಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಶೇಖರವಾಗಿರುವ ಗ್ಲೈಕೊಜೆನ್ ಎಂಬ ಪಿಷ್ಟ. ಇದು ಒಟ್ಟು ಸುಮಾರು 400–500 ಗ್ರಾಂ, ಎಂದರೆ ಎರಡು ಸಾವಿರ ಕ್ಯಾಲೊರಿಗೆ ಮಿಕ್ಕದು. ಇನ್ನೊಂದು ಕೊಬ್ಬು; ತೆಳ್ಳಗಿರುವವನಲ್ಲಿಯೂ ಅದು ಅನೇಕ ಕಿಲೋಗ್ರಾಂ ಇರುವುದು. ಪಿಷ್ಟವನ್ನು ಕೈಚೀಲದ ಹಣಕ್ಕೂ ಕೊಬ್ಬನ್ನು ಬ್ಯಾಂಕಿನ ಠೇವಣಿಗೂ ಹೋಲಿಸಬಹುದು. ಕೈಚೀಲದಿಂದ ಬೇಕೆಂದ ಕೂಡಲೆ ತೆಗೆಯಬಹುದು, ಆದರೆ ಬೇಗ ಬರಿದಾಗುವುದು. ಠೇವಣಿ ಅಪಾರವಾದುದು, ಆದರೆ ನಿಧಾನವಾಗಿ ಮಾತ್ರ ಕೈಗೆ ಬರುವುದು. ರಭಸದಿಂದ ತುಳಿಯುವವನು ಎರಡು ಗಂಟೆಗಳಲ್ಲಿ ಕೈಚೀಲವನ್ನು ಬರಿದು ಮಾಡಿಕೊಳ್ಳಬಲ್ಲನು. ಮಿದುಳಿನ ಮುಖ್ಯ ಆಹಾರವೂ ಸಕ್ಕರೆಯೇ ಆದುದರಿಂದ ಆಗ ಕಾಲುಗಳು ಸೋಲುವುದಲ್ಲದೆ ಬುದ್ಧಿಯೂ ಮಂಕಾಗುವುದು. ನಿಧಾನವಾಗಿ ತುಳಿಯುವವನು ಬಹುಭಾಗ ಠೇವಣಿಯ ಮೇಲೆ ಬದುಕುವನು. ಅಭ್ಯಾಸದ ಒಂದು ಮುಖ್ಯ ಗುರಿ ಇದು: ಅದೇ ವೇಗದಲ್ಲಿ ಹೆಚ್ಚು ಕೊಬ್ಬನ್ನೂ ಕಡಮೆ ಪಿಷ್ಟವನ್ನೂ ಉರಿಸುವಂತೆ ದೇಹವನ್ನು ಪಳಗಿಸುವುದು.

ಈ ಪಳಗಿಸುವಿಕೆ ಹೇಗೆ ನಡೆಯುತ್ತದೆ? ದೀರ್ಘಕಾಲ ಸಾವಧಾನವಾಗಿ ತುಳಿಯುವುದರಿಂದ ಹೃದಯವು ಒಂದು ಮಿಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಹೆಚ್ಚುತ್ತದೆ. ಮಾಂಸಖಂಡಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ. ಜೀವಕೋಶಗಳಲ್ಲಿ ಇಂಧನವನ್ನು ಉರಿಸುವ ಮೈಟೊಕಾಂಡ್ರಿಯ ಎಂಬ ಒಲೆಗಳು ಹೆಚ್ಚಾಗುತ್ತವೆ. ಇವೆಲ್ಲ ವಾರಗಳ ಕೆಲಸ. ಮೂಳೆಗೆ ಮಾಂಸವನ್ನು ಬಿಗಿಯುವ ಸ್ನಾಯುರಜ್ಜುಗಳು ಇನ್ನೂ ನಿಧಾನವಾಗಿ ಬಲಿಯುವುವು. ಆದುದರಿಂದಲೇ ಉಸಿರಾಟ ಸುಧಾರಿಸಿತೆಂದು ಉತ್ಸಾಹದಿಂದ ದೂರವನ್ನು ಥಟ್ಟನೆ ಹೆಚ್ಚಿಸಿದವರಿಗೆ ಮಂಡಿನೋವು ಬರುವುದು. ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತನೆಯ ಒಂದು ಭಾಗದಷ್ಟು ಮಾತ್ರ ಏರಿಸತಕ್ಕದ್ದೆಂಬುದು ವಾಡಿಕೆಯ ನಿಯಮ. ಅದು ಕಲ್ಲಿನ ಮೇಲೆ ಕೊರೆದ ಶಾಸನವಲ್ಲದಿದ್ದರೂ ಮರೆಯತಕ್ಕದ್ದಲ್ಲ.

ಇನ್ನು ಅಭ್ಯಾಸದ ಕ್ರಮ. ನಲವತ್ತು ದಾಟಿದವರೂ, ಹೃದಯ ಅಥವಾ ರಕ್ತದೊತ್ತಡದ ತೊಂದರೆಯುಳ್ಳವರೂ ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು. ತರುವಾಯ ಹದಿನಾರು ವಾರಗಳ ಅವಧಿಯನ್ನು ಗೊತ್ತುಮಾಡಿಕೊಳ್ಳಬಹುದು. ವಾರದ ಮಧ್ಯದಲ್ಲಿ ಮೂರು ದಿನ, ದಿನಕ್ಕೆ ಒಂದು ಗಂಟೆ. ಇವುಗಳಲ್ಲಿ ಎರಡು ದಿನ ಆರಾಮವಾಗಿಯೂ, ಒಂದು ದಿನ ಏರುದಾರಿಯಲ್ಲಿಯೂ ತುಳಿಯಬೇಕು; ಮೈಸೂರಿನವರಿಗೆ ಚಾಮುಂಡಿಬೆಟ್ಟವಿದೆ, ಬೇರೆ ಊರಿನವರಿಗೆ ತಮ್ಮ ತಮ್ಮ ದಿಣ್ಣೆಗಳಿವೆ. ಏರುದಾರಿಯ ಅಭ್ಯಾಸವನ್ನು ಎರಡನೆಯ ತಿಂಗಳಿನಿಂದ ಆರಂಭಿಸಿದರೆ ಮೇಲು. ಭಾನುವಾರ ದೀರ್ಘ ಸವಾರಿ. ಮೊದಲನೆಯ ತಿಂಗಳ ನಾಲ್ಕು ಭಾನುವಾರಗಳಲ್ಲಿ 30, 40, 50, 35 ಕಿಲೋಮೀಟರ್. ಎರಡನೆಯ ತಿಂಗಳಲ್ಲಿ 60, 70, 80, 55. ಮೂರನೆಯದರಲ್ಲಿ 90, 100, 115, 75. ನಾಲ್ಕನೆಯದರಲ್ಲಿ 130, 150, 60. ಕೊನೆಯ ಭಾನುವಾರ 200. ಮೈಸೂರಿನಿಂದ ನಂಜನಗೂಡಿಗೆ ಹೋಗಿ ಬಂದರೆ ಸುಮಾರು 50 ಕಿಲೋಮೀಟರ್, ಗುಂಡ್ಲುಪೇಟೆಗೆ ಹೋಗಿ ಬಂದರೆ ಸುಮಾರು 120 ಆಗುವುದೆಂಬುದನ್ನು ನೆನೆದರೆ ಈ ಅಂಕಿಗಳು ಅಷ್ಟು ಭಯಂಕರವಾಗಿ ತೋರಲಾರವು.

ವೇಗವನ್ನು ಅಳೆಯಲು ಯಂತ್ರ ಬೇಕಾಗಿಲ್ಲ. ಜೊತೆಯವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಿದ್ದರೆ ವೇಗ ಸರಿಯಾಗಿದೆ; ಉತ್ತರವು ಒಂದೆರಡು ಪದಗಳಿಗೆ ಇಳಿದರೆ ಹೆಚ್ಚಾಗಿದೆ. ತುಳಿತವು ಭಾರವಾಗಿರಬಾರದು, ಹಗುರವಾದ ಗೇರಿನಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಿಸುವುದು ಮಂಡಿಗೆ ಹಿತ.

ಮೇಲಿನ ಪಟ್ಟಿಯಲ್ಲಿ ಮೊದಲ ಮೂರು ತಿಂಗಳುಗಳ ನಾಲ್ಕನೆಯ ವಾರ ದೂರವು ಇಳಿದಿರುವುದನ್ನು ಗಮನಿಸಿರಬಹುದು. ಅದು ಬರವಣಿಗೆಯ ದೋಷವಲ್ಲ. ವ್ಯಾಯಾಮವು ದೇಹವನ್ನು ದಣಿಸುತ್ತದೆ. ಬಲ ಕೂಡಿಬರುವುದು ವಿಶ್ರಾಂತಿಯಲ್ಲಿ. ಹೊಲವನ್ನು ಉತ್ತವನು ಮರುದಿನವೇ ಮತ್ತೆ ಉಳುತ್ತ ಹೋದರೆ ಬೆಳೆ ಬಾರದು. ಓದು ಬರಹ ಕಲಿತ ನಾವು ಈ ಸಂಗತಿಯನ್ನು ಒಪ್ಪುವುದು ಕಷ್ಟ. ಒಂದು ದಿನ ತಪ್ಪಿದರೆ ಎಲ್ಲವೂ ಹಾಳಾಯಿತೆಂದು ಕೊರಗುತ್ತೇವೆ. ನಾಲ್ಕಾರು ದಿನಗಳ ವಿಶ್ರಾಂತಿಯಿಂದ ಗಳಿಸಿದ ಶಕ್ತಿ ಕರಗುವುದಿಲ್ಲ. ಬೆಳಿಗ್ಗೆ ಎದ್ದಾಗ ನಾಡಿ ಎಂದಿಗಿಂತ ವೇಗವಾಗಿದ್ದು, ನಿದ್ದೆ ಕೆಟ್ಟು, ಮನಸ್ಸು ಸಿಡಿಮಿಡಿಗೊಂಡಿದ್ದರೆ ಆ ದಿನ ಬೈಸಿಕಲ್ಲು ಗೋಡೆಗೆ ಒರಗಿರಲಿ. ನಾಲ್ಕನೆಯ ತಿಂಗಳಿನಲ್ಲಿ, ದೊಡ್ಡ ಪ್ರಯಾಣಕ್ಕೆ ಹಿಂದಿನ ಭಾನುವಾರ 60 ಕಿಲೋಮೀಟರಿಗೆ ಇಳಿಸಿರುವುದೂ ಇದೇ ಕಾರಣದಿಂದ.

ಆಹಾರದ ವಿಷಯವನ್ನೂ ಅಭ್ಯಾಸ ಮಾಡಬೇಕೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಆದರೆ ತುಳಿಯುತ್ತಿರುವಾಗ ರಕ್ತವು ಕಾಲುಗಳ ಕಡೆಗೆ ಹರಿಯುವುದರಿಂದ ಜೀರ್ಣಶಕ್ತಿ ಕುಗ್ಗಿರುತ್ತದೆ; ಒಂದೇ ಸಲ ತುಂಬ ಉಂಡರೆ ನಮ್ಮ ಹಾಸನದ ಊಟದ ಗತಿಯೇ. ಮೊದಲ ಗಂಟೆಯಿಂದಲೇ, ಹಸಿವು ತೋರುವುದಕ್ಕೆ ಮುಂಚೆ, ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಸಿಕ್ಕುವಂತೆ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿರಬೇಕು. ಇದಕ್ಕೆ ಪರದೇಶದ ಪೊಟ್ಟಣಗಳೇ ಆಗಬೇಕೆಂದಿಲ್ಲ. ಬಾಳೆಯ ಹಣ್ಣು, ಇಡ್ಲಿ, ಬೆಲ್ಲ, ಖರ್ಜೂರ, ಕಡಲೆಕಾಯಿ ಚಿಕ್ಕಿ, ಇವು ನಮ್ಮ ದಾರಿಗಳಲ್ಲೆಲ್ಲ ದೊರೆಯುವುವು. ಬೆವರಿನಲ್ಲಿ ನೀರು ಮಾತ್ರವಲ್ಲ, ಉಪ್ಪೂ ಹೋಗುವುದು. ನಮ್ಮ ಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರಿನವರೆಗೆ, ಕೆಲವರಿಗೆ ಅದಕ್ಕೂ ಹೆಚ್ಚಾಗಿ, ಬೆವರು ಸುರಿಯಬಹುದು. ಬರಿಯ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಅಪಾಯಕರವಾಗಿ ಇಳಿಯುವುದುಂಟು. ಎಳನೀರು ಉತ್ತಮ ಪಾನೀಯ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು ಸೋಡಿಯಂ ಸ್ವಲ್ಪವೇ ಇದೆ. ಆದುದರಿಂದ ಉಪ್ಪು ಹಾಕಿದ ನೀರುಮಜ್ಜಿಗೆಯೂ, ಉಪ್ಪು ಸಕ್ಕರೆ ಬೆರೆಸಿದ ನಿಂಬೆಯ ಪಾನಕವೂ ಜೊತೆಗಿರಬೇಕು. ಯಾವುದು ತಮ್ಮ ಹೊಟ್ಟೆಗೆ ಒಗ್ಗುವುದೆಂಬುದನ್ನು ಭಾನುವಾರದ ಸವಾರಿಗಳಲ್ಲಿಯೇ ಪರೀಕ್ಷಿಸಿಕೊಳ್ಳಬೇಕು. ದೊಡ್ಡ ಪ್ರಯಾಣದ ದಿನ ಹೊಸ ತಿಂಡಿ, ಹೊಸ ಸೀಟು, ಹೊಸ ಷೂಸು, ಯಾವುದೂ ಕೂಡದು.

ವಾಹನದ ಬಗ್ಗೆ ಎರಡು ಮಾತು. ಬೆಲೆಬಾಳುವ ಬೈಸಿಕಲ್ಲಿಗಿಂತ ಮೈಗೆ ಹೊಂದಿದ ಬೈಸಿಕಲ್ಲು ಲೇಸು. ಪೆಡಲು ತೀರ ಕೆಳಗಿರುವಾಗ ಮಂಡಿಯು ಸ್ವಲ್ಪವೇ ಬಾಗಿರುವಂತೆ ಸೀಟಿನ ಎತ್ತರವಿರಬೇಕು. ತಗ್ಗಾದರೆ ಮಂಡಿಯ ಮುಂಭಾಗ ನೋಯುವುದು, ಎತ್ತರವಾದರೆ ಸೊಂಟ ಅತ್ತಿತ್ತ ಹೊರಳುವುದು. ಹ್ಯಾಂಡಲನ್ನು ಒಂದೇ ರೀತಿ ಬಿಗಿಹಿಡಿದರೆ ಅಂಗೈಯ ನರ ಒತ್ತಿ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯುವುದರಿಂದ ಹಿಡಿತವನ್ನು ಬದಲಿಸುತ್ತಿರಬೇಕು. ಟ್ಯೂಬು ಬದಲಾಯಿಸುವುದನ್ನೂ, ಪಂಕ್ಚರು ಹಾಕುವುದನ್ನೂ, ಕಳಚಿದ ಚೈನನ್ನು ಸೇರಿಸುವುದನ್ನೂ ಮನೆಯಲ್ಲಿಯೇ, ದೀಪ ಆರಿಸಿಕೊಂಡು ಒಮ್ಮೆ, ಕಲಿತಿರಬೇಕು. ಶಿರಸ್ತ್ರಾಣ, ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಬೆಳಕು ಬಿದ್ದರೆ ಹೊಳೆಯುವ ಅಂಗಿ, ಇವು ಅಲಂಕಾರಗಳಲ್ಲ.

ಈಗ ತೆರೋಂನ ಕಥೆಗೆ ಬರೋಣ. ನಿದ್ದೆಗೆಟ್ಟವನೇ ಗೆದ್ದನಲ್ಲವೆ, ನಿದ್ದೆಯನ್ನು ಗೆಲ್ಲುವುದೇ ಈ ವಿದ್ಯೆಯ ಶಿಖರವಲ್ಲವೆ ಎಂದು ಕೇಳಬಹುದು. ತೆರೋಂ ವೃತ್ತಿಯ ಪಂದ್ಯಗಾರ. ಅವನಿಗೆ ಎದುರಾದದ್ದು 1891ರ ರಸ್ತೆ, ನಮಗೆ ಎದುರಾಗುವುದು ಲಾರಿಗಳ ರಸ್ತೆ. ಅವನು ಒಬ್ಬನನ್ನು ಹಿಂದೆ ಹಾಕಬೇಕಾಗಿತ್ತು. ನಾವು ಯಾರನ್ನೂ ಹಾಕಬೇಕಾಗಿಲ್ಲ. ಗಡುವಿನ ಲೆಕ್ಕವೇ ಇದಕ್ಕೆ ಸಾಕ್ಷಿ: 1,200 ಕಿಲೋಮೀಟರನ್ನು ಗಂಟೆಗೆ 20ರಂತೆ ತುಳಿದರೆ 60 ಗಂಟೆ, ಉಳಿದ 30 ಗಂಟೆ ಊಟಕ್ಕೂ ನಿದ್ದೆಗೂ. ಪ್ಯಾರಿಸ್–ಬ್ರೆಸ್ಟ್ ದಾರಿಯ ಠಾಣೆಗಳಲ್ಲಿ ಸವಾರರಿಗೆ ಮಲಗಲು ಸ್ಥಳವನ್ನು ಏರ್ಪಡಿಸಿರುತ್ತಾರೆ. ಬೆಳಗಿನ ಜಾವ ಎರಡರಿಂದ ಐದು ಗಂಟೆಯವರೆಗೆ ದೇಹದ ಗಡಿಯಾರವು ತೀರ ಕೆಳಗಿಳಿಯುವುದು. ಆಗ ಕ್ಷಣಕಾಲದ ಜೋಂಪು ನಮಗೆ ತಿಳಿಯದಂತೆಯೇ ಹತ್ತುವುದು. ಇದನ್ನು ಮನೋಬಲದಿಂದ ತಡೆಯುವೆನೆಂಬುದು ಭ್ರಾಂತಿ. ರಸ್ತೆಯ ಗೆರೆ ಎರಡಾಗಿ ಕಂಡರೆ, ಕಳೆದ ಒಂದು ಕಿಲೋಮೀಟರ್ ನೆನಪಿಗೆ ಬಾರದಿದ್ದರೆ, ಕೂಡಲೆ ನಿಲ್ಲಬೇಕು. ಬಸ್ಸಿನ ತಂಗುದಾಣ, ಗುಡಿಯ ಜಗಲಿ, ಪೆಟ್ರೋಲ್ ಬಂಕಿನ ಅಂಗಳ, ಎಲ್ಲಾದರೂ ಸರಿ. ಒಂದು ಲೋಟ ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿದರೆ, ಏಳುವ ಹೊತ್ತಿಗೆ ಕಾಫಿಯ ಗುಣವೂ ಏರಿರುವುದು.

ಫ್ರಾನ್ಸಿನಲ್ಲಿಯೇ ವೆಲೋಸಿಯೊ ಎಂಬ ಹೆಸರಿನಿಂದ ಪ್ರಸಿದ್ಧನಾದ ಪೋಲ್ ದ ವಿವೀ ಎಂಬ ಹಿರಿಯನಿದ್ದನು. 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ ಈತನು ಸಸ್ಯಾಹಾರಿ. ಗೇರುಗಳ ಬಳಕೆಗಾಗಿ ಬಹಳ ಹೋರಾಡಿದವನು. ಮುಪ್ಪಿನವರೆಗೂ ದೂರಪ್ರಯಾಣ ಮಾಡಿದವನು. ಅವನು ಸವಾರರಿಗೆ ಹೇಳಿದ ಏಳು ಹಿತವಚನಗಳ ಸಾರವನ್ನು ನಾವು ಈಗಾಗಲೆ ಬಹುಮಟ್ಟಿಗೆ ಹೇಳಿದಂತಾಯಿತು: ಹಸಿಯುವ ಮುಂಚೆ ತಿನ್ನುವುದು, ಬಾಯಾರುವ ಮುಂಚೆ ಕುಡಿಯುವುದು, ಮೊದಲ ಗಂಟೆಗಳಲ್ಲಿ ಬಲವಂತ ಮಾಡಿಕೊಳ್ಳದಿರುವುದು, ಇತ್ಯಾದಿ. ಕೊನೆಯದು ಒಂದು ಉಳಿದಿದೆ: ಜಂಬಕ್ಕಾಗಿ ತುಳಿಯಕೂಡದು. ಉಳಿದ ಆರು ತಪ್ಪುಗಳೂ ಈ ಏಳನೆಯದರ ಮಕ್ಕಳೆಂಬುದು ನಮ್ಮ ಅನುಭವ.

ಹಾಸನದ ದಾರಿಯಲ್ಲಿ ಬಿದ್ದ ಮರುವರ್ಷ ನಾವು ಮೇಲೆ ಹೇಳಿದ ಕ್ರಮವನ್ನೇ ಅನುಸರಿಸಿ 200 ಕಿಲೋಮೀಟರನ್ನು ಹನ್ನೆರಡೂವರೆ ಗಂಟೆಗಳಲ್ಲಿ ಮುಗಿಸಿದೆವು. ತರುಣರು ನಮ್ಮನ್ನು ದಾಟಿ ಹೋದರು, ಹೋಗಲಿ ಎಂದೆವು. ಮಧ್ಯಾಹ್ನ ರೆಪ್ಪೆ ಭಾರವಾದಾಗ ಹುಣಿಸೆಯ ಮರದ ನೆರಳಿನಲ್ಲಿ ಟವಲು ಹಾಸಿ ಅರ್ಧ ಗಂಟೆ ಮಲಗಿದೆವು. ಸಂಜೆ ಮನೆಯ ಬಾಗಿಲಲ್ಲಿ ಇಳಿದಾಗ ನಮ್ಮ ಮನೆಯವರು ಮೊದಲು ನೋಡಿದ್ದು ನಮ್ಮ ಅಂಗೈಗಳನ್ನು. ಅವರ ಹಳೆಯ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿತ್ತು.